ಲೋಡ್ ಹಾಕಿದೊಡನೆ ಇನ್ವರ್ಟರ್ ವೋಲ್ಟೇಜ್ 229ರಿಂದ 187ಕ್ಕೆ ಇಳಿಯುತ್ತಿದೆ, ದೋಷ ಫೀಡ್‌ಬ್ಯಾಕ್‌ನಲ್ಲಿದೆಯೇ?

ಪ್ರಶ್ನೆ (ಭೋಸರಿ, ಪುಣೆ)

ಎಲ್ಲರಿಗೂ ನಮಸ್ಕಾರ. 12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿಯಿಂದ 230 ವೋಲ್ಟ್, 50 ಹರ್ಟ್ಸ್ ಸೈನ್‌ವೇವ್ ಕೊಡುವ ಇನ್ವರ್ಟರ್ ಒಂದನ್ನು ವಿನ್ಯಾಸ ಮಾಡುತ್ತಿದ್ದೇನೆ. ಮಾಸ್ಫೆಟ್‌ಗಳ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳ) ಎಚ್-ಬ್ರಿಡ್ಜ್‌ಗೆ, ಅಂದರೆ ಡಿಸಿಯನ್ನು ಎಸಿಯಾಗಿಸುವ ಸ್ವಿಚ್‌ಗಳ ಜೋಡಣೆಗೆ, ಮೈಕ್ರೊಕಂಟ್ರೋಲರ್‌ನಿಂದ ಪಿಡಬ್ಲ್ಯುಎಂ (ಅಗಲ ಬದಲಾಗುವ ಪಲ್ಸ್‌ಗಳು) ಬರುತ್ತದೆ. ಬ್ರಿಡ್ಜ್‌ನ ನಂತರ, ಪುಣೆಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ತಾಪ್ಕೀರ್ ಗಲ್ಲಿಯಲ್ಲಿ ಸುತ್ತಿಸಿದ, 9 ವೋಲ್ಟನ್ನು 230ಕ್ಕೆ ಏರಿಸುವ ಟ್ರಾನ್ಸ್‌ಫಾರ್ಮರ್ ಇದೆ. ಲೋಡ್ ಇಲ್ಲದಾಗ ಮೀಟರ್ 229 ತೋರಿಸುತ್ತದೆ. 100 ವಾಟ್‌ನ ನಾಲ್ಕು ಬಲ್ಬುಗಳನ್ನು ಹಾಕಿದರೆ 187ಕ್ಕೆ ಬಂದು ನಿಲ್ಲುತ್ತದೆ. ಔಟ್‌ಪುಟ್ ಅಳೆದು ತಿದ್ದುವ ಫೀಡ್‌ಬ್ಯಾಕ್‌ನ ರೆಸಿಸ್ಟರ್‌ಗಳನ್ನು ಎರಡು ಬಾರಿ ಬದಲಿಸಿದೆ, ಇಂಟಿಗ್ರಲ್ ಗೇನನ್ನು (ಕೂಡುತ್ತ ಬಂದ ವ್ಯತ್ಯಾಸವನ್ನು ಎಷ್ಟು ಬಲವಾಗಿ ತಿದ್ದಬೇಕೆಂಬ ಅಂಕಿಯನ್ನು) ಮೂರು ಪಟ್ಟು ಹೆಚ್ಚಿಸಿದೆ. ಒಂದು ವೋಲ್ಟೂ ಮೇಲೇರಲಿಲ್ಲ. ಎಲ್ಲಿ ಹುಡುಕಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಡೊಂಬಿವಲಿ)

ಸರ್, ರೆಸಿಸ್ಟರ್‌ಗಳನ್ನು ಇನ್ನು ಮುಟ್ಟಬೇಡಿ. ಗೇನ್ ಹೆಚ್ಚಿಸಿದರೂ ಫಲಿತಾಂಶ ಕದಲಲಿಲ್ಲವೆಂದರೆ ಫೀಡ್‌ಬ್ಯಾಕ್ ಲೂಪ್ ತನ್ನ ಮಿತಿಯನ್ನು ಮುಟ್ಟಿರುವ ಸಾಧ್ಯತೆಯೇ ಹೆಚ್ಚು. ಬಲ್ಬುಗಳು ಉರಿಯುತ್ತಿರುವಾಗ ಮಾಡ್ಯುಲೇಶನ್ ಇಂಡೆಕ್ಸ್ (ಬ್ರಿಡ್ಜ್ ಕೊಡುವ ಸೈನ್‌ನ ಶಿಖರ ಡಿಸಿಯ ಎಷ್ಟು ಪಾಲು ಎಂಬ ಅಂಕಿ) ಎಷ್ಟಿದೆ ಎಂಬುದನ್ನು ಪ್ರೋಗ್ರಾಮಿನಿಂದ ಓದಿಕೊಳ್ಳಿ. ಅದೇ ಹೊತ್ತಿಗೆ ಬ್ಯಾಟರಿಯ ಧ್ರುವಗಳ ಮೇಲೆ ಮತ್ತು ಬೋರ್ಡಿನ ಟರ್ಮಿನಲ್‌ಗಳ ಮೇಲೆ ಬೇರೆಬೇರೆಯಾಗಿ ವೋಲ್ಟೇಜ್ ಅಳೆಯಿರಿ. ಆಮೇಲೆ ಔಟ್‌ಪುಟ್‌ನ ಗುರಿಯನ್ನು 180 ವೋಲ್ಟ್‌ಗೆ ಇಳಿಸಿ, ಲೋಡನ್ನು ಹಾಕಿ ತೆಗೆದು ನೋಡಿ.

ಭೋಸರಿಯಿಂದ ಮತ್ತೆ

ಅಳತೆ ಮಾಡಿದೆ. ಇಂಡೆಕ್ಸ್ ಪೂರ್ತಿ 1 ಇದೆ, ಪ್ರೋಗ್ರಾಮಿನಲ್ಲಿ ಅದಕ್ಕಿಂತ ಮೇಲೆ ಹೋಗದಂತೆ ನಾನೇ ತಡೆದಿದ್ದೇನೆ. ಲೋಡ್ ಇಲ್ಲದಾಗ ಬೋರ್ಡಿನ ಬಳಿ 12.7 ವೋಲ್ಟ್. ಲೋಡ್ ಇದ್ದಾಗ ಬ್ಯಾಟರಿಯ ಮೇಲೆ 12.1, ಬೋರ್ಡಿನ ಬಳಿ 11.2. ಕರೆಂಟ್ ಸುಮಾರು 30 ಆಂಪಿಯರ್. ಗುರಿಯನ್ನು 180ಕ್ಕೆ ಇಳಿಸಿದಾಗ ಬಲ್ಬು ಹಾಕಿದರೂ ತೆಗೆದರೂ ಅಷ್ಟೇ ನಿಲ್ಲುತ್ತದೆ.

ಉತ್ತರ (ವಾಸ್ಕೊ, ಗೋವಾ)

ಹಾಗಾದರೆ ನಿಮ್ಮ ಫೀಡ್‌ಬ್ಯಾಕ್ ಆರೋಗ್ಯವಾಗಿದೆ. ಕೊರತೆಯಿರುವುದು ಟ್ರಾನ್ಸ್‌ಫಾರ್ಮರಿನ ಲೆಕ್ಕದಲ್ಲಿ. ಇಂಡೆಕ್ಸ್ 1 ಇದ್ದಾಗ ಬ್ರಿಡ್ಜ್ ಕೊಡಬಲ್ಲ ಸೈನ್‌ನ ಶಿಖರವು ಡಿಸಿಯಷ್ಟೇ (ಬೋರ್ಡಿಗೆ ಬರುವ ಬ್ಯಾಟರಿ ವೋಲ್ಟೇಜ್‌ನಷ್ಟೇ), ಆದ್ದರಿಂದ ಆರ್‌ಎಂಎಸ್ (ಎಸಿಯ ಪರಿಣಾಮಕಾರಿ ವೋಲ್ಟೇಜ್) ಎಂದರೆ ಡಿಸಿಯನ್ನು 1.414ರಿಂದ ಭಾಗಿಸಿದಷ್ಟು. 12.7ಕ್ಕೆ ಅದು 8.98, 9 ವೋಲ್ಟ್ ಸುತ್ತಿನಲ್ಲಿ ಸುಮಾರು 229 ಬರುತ್ತದೆ. ನಿಮಗೆ ಲೋಡ್ ಇಲ್ಲದಾಗ ಸರಿಯೆನಿಸಿದ್ದು ನಿಯಂತ್ರಣದಿಂದ ಬಂದ 229 ಅಲ್ಲ, ಬ್ಯಾಟರಿ ತುಂಬಿದ್ದರಿಂದ ಒದಗಿದ 229. ಡಿಸಿ 11.2ಕ್ಕೆ ಇಳಿದಾಗ ಅದೇ ಲೆಕ್ಕ 202 ಕೊಡುತ್ತದೆ, ಉಳಿದ 15 ವೋಲ್ಟ್ ಮಾಸ್ಫೆಟ್‌ಗಳಲ್ಲೂ ಸುರುಳಿಗಳಲ್ಲೂ ಹೋಗಿದೆ.

ದಾರಿಯಲ್ಲಿ ಕಳೆದುಹೋಗುತ್ತಿರುವ 0.9 ವೋಲ್ಟನ್ನು ಮೊದಲು ಉಳಿಸಿಕೊಳ್ಳಿ. ನಿಮ್ಮ ಕೇಬಲ್ 2.5 ಚದರ ಮಿಲಿಮೀಟರಿನದಾಗಿದ್ದು ಹೋಗಿ ಬರುವ ಉದ್ದ 3 ಮೀಟರ್ ಇದ್ದರೆ, 30 ಆಂಪಿಯರ್‌ಗೆ ಅದೊಂದೇ ಸುಮಾರು 0.6 ವೋಲ್ಟ್ ತಿನ್ನುತ್ತದೆ. ಆದರೆ ಕೇಬಲ್ ಬದಲಿಸಿದ ಮಾತ್ರಕ್ಕೆ 230 ಬರುವುದಿಲ್ಲ. ಬ್ಯಾಟರಿ 10.5ಕ್ಕೆ ಇಳಿಯುವವರೆಗೂ ಔಟ್‌ಪುಟ್ ನಿಲ್ಲಬೇಕಾದರೆ ಬ್ರಿಡ್ಜ್‌ನಿಂದ ಸಿಗುವುದು 7.4 ವೋಲ್ಟ್, ನಷ್ಟ ಕಳೆದರೆ ಸುಮಾರು 6.5. ಪ್ರೈಮರಿಯನ್ನು (ಬ್ರಿಡ್ಜ್ ಕಡೆಯ ಸುರುಳಿಯನ್ನು) 6.5 ವೋಲ್ಟ್‌ಗೆ ಸುತ್ತಿಸಿ. ಸೆಕೆಂಡರಿಯ (230 ವೋಲ್ಟ್ ಕಡೆಯ) ಸುತ್ತುಗಳು ಹಾಗೆಯೇ ಇರುವುದರಿಂದ ಔಟ್‌ಪುಟ್ 230 ಇರುವಷ್ಟು ಕಾಲ ಕೋರ್ ಸ್ಯಾಚುರೇಟ್ ಆಗುವ, ಅಂದರೆ ಕಾಂತತೆಯ ಮಿತಿ ಮುಟ್ಟುವ ಭಯವಿಲ್ಲ, ಆದರೆ ಪ್ರೈಮರಿಯ ಕರೆಂಟ್ ಹೆಚ್ಚುವುದರಿಂದ ತಂತಿ ದಪ್ಪವಾಗಿರಲೇಬೇಕು.

ಉತ್ತರ (ಡೊಂಬಿವಲಿ)

ವಾಸ್ಕೊದವರ ಲೆಕ್ಕ ಸರಿಯಾಗಿದೆ. ಅದಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ, ಏಕೆಂದರೆ ಇದರಲ್ಲಿ ಅಪಾಯವಿದೆ. ಹೊಸ 6.5 ವೋಲ್ಟ್ ಸುತ್ತಿನಲ್ಲಿ ಬ್ಯಾಟರಿ ತುಂಬಿದ್ದು ಇಂಡೆಕ್ಸ್ 1ರಲ್ಲಿ ಸಿಕ್ಕಿಕೊಂಡರೆ ಔಟ್‌ಪುಟ್ 318 ವೋಲ್ಟ್‌ವರೆಗೆ ಹೋಗುತ್ತದೆ. ಇದುವರೆಗೆ ಹಳೆಯ ಟ್ರಾನ್ಸ್‌ಫಾರ್ಮರ್ ತಾನಾಗಿಯೇ ಅದನ್ನು ತಡೆದಿತ್ತು. ಹೆಚ್ಚಿಸಿದ ಇಂಟಿಗ್ರಲ್ ಗೇನನ್ನು ಹಿಂದಕ್ಕೆ ತನ್ನಿ, ಇಂಡೆಕ್ಸ್ ಮಿತಿ ಮುಟ್ಟಿದೊಡನೆ ಇಂಟಿಗ್ರೇಟರ್ ಕೂಡಿಸುವುದನ್ನು ನಿಲ್ಲಿಸುವಂತೆ ಬರೆಯಿರಿ, ಮತ್ತು 260 ದಾಟಿದರೆ ಪಿಡಬ್ಲ್ಯುಎಂ ಕಡಿದುಹಾಕುವ ಬೇರೆಯೇ ರಕ್ಷಣಾ ಸರ್ಕ್ಯೂಟನ್ನು ಇಡಿ. ಫೀಡ್‌ಬ್ಯಾಕ್ ತಂತಿ ಕಳಚಿಕೊಂಡರೂ ಅದು ಕೆಲಸ ಮಾಡಬೇಕು. ಮೊದಲ ಪರೀಕ್ಷೆಯನ್ನು ಬಲ್ಬುಗಳ ಮೇಲೆಯೇ ಮಾಡಿ, ಮನೆಯ ಫ್ರಿಜ್ ಅಥವಾ ಟಿವಿಯನ್ನು ಅದಕ್ಕೆ ಜೋಡಿಸಬೇಡಿ.