ರೋಡ್ ಬೈಕ್ ಬಿಟ್ಟು ರಿಕಂಬೆಂಟ್: ಹೊರಡುವಾಗ ಓಲಾಟ, ಏರಿನಲ್ಲಿ ಮಂಡಿ ನೋವು. ಪರಿಹಾರ ಹೇಳಿ

ಕಾವೇರಿ_ಸವಾರ
ರೋಡ್ ಬೈಕ್ ಬಿಟ್ಟು ರಿಕಂಬೆಂಟ್ (ಒರಗಿ ಕೂತು, ಕಾಲು ಮುಂದೆ ಚಾಚಿ ತುಳಿಯೋ ಸೈಕಲ್) ಹಿಡಿದಿದ್ದೀನಿ. ಸಿಗ್ನಲ್ ಬಿಟ್ಟ ಕೂಡಲೇ ಒಂದೊಂದು ತುಳಿತಕ್ಕೂ ಮುಂದಿನ ಚಕ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯುತ್ತೆ. ವೇಗ ಬಂದ ಮೇಲೆ ನೆಟ್ಟಗೆ ಹೋಗುತ್ತೆ. ಚಾಮುಂಡಿ ಬೆಟ್ಟದ ಏರು ಸಿಕ್ಕಿದ್ರೆ ಮತ್ತೆ ಅದೇ ಓಲಾಟ, ಜೊತೆಗೆ ಮಂಡಿಚಿಪ್ಪಿನ ಸುತ್ತ ನೋವು, ಕಾಲ್ಬೆರಳು ಜೋಮು. ಮಾರಿದವರು "ಅಭ್ಯಾಸ ಆಗುತ್ತೆ" ಅಂತಾರೆ, ಅಷ್ಟೇ. ವರ್ಷಗಟ್ಟಲೆ ಬ್ರೆವೆ (ಸಮಯಮಿತಿಯ ದೂರದ ಸವಾರಿ) ಓಡಿಸಿದವನಿಗೆ ಇನ್ನೇನು ಅಭ್ಯಾಸ ಆಗಬೇಕು? ಗಾಡಿಯಲ್ಲೇ ದೋಷ ಇದೆ. ಯಾವ ಪಾರ್ಟ್ ಬದಲಿಸಲಿ?

ಹುಬ್ಳಿ_ಹಬ್
ಹೆಡ್‌ಸೆಟ್ ಅಂದ್ರ ಹ್ಯಾಂಡಲ್ ತಿರುಗೋ ಬೇರಿಂಗ್ ನೋಡ್ರಿ ಮೊದಲ. ನಿಧಾನದಾಗ ಓಲಾಡಿ ಜೋರಿನಾಗ ಸುಮ್ಮನಾಗತೈತಿ ಅಂದ್ರ ಬೇರಿಂಗ್ ಬಿಗಿ ಐತಿ, ಇಲ್ಲಾ ನಡುವ ತಗ್ಗು ಬಿದ್ದೈತಿ. ಮುಂದಿನ ಚಕ್ರ ನೆಲದಿಂದ ಎತ್ತಿ ಫ್ರೇಮ್ ಸ್ವಲ್ಪ ವಾಲಿಸ್ರಿ. ಹ್ಯಾಂಡಲ್ ತಾನಾಗೇ ಹೊರಳಬೇಕು. ನಡುವ ಸಿಕ್ಕೊಂಡು ನಿಂತ್ರ ಬೇರಿಂಗ್ ಹೋಗೈತಿ.

ಗೇರ್‌ಪ್ರಿಯ
ಗಾಡಿ ಯಾವುದು ಅಂತಲೇ ಬರೆದಿಲ್ಲ. ಉದ್ದ ವೀಲ್‌ಬೇಸೋ ಗಿಡ್ಡವೋ (ಎರಡು ಚಕ್ರದ ನಡುವಿನ ದೂರ)? ಹ್ಯಾಂಡಲ್ ಸೀಟಿನ ಕೆಳಗೋ ಮೇಲೋ? ಕ್ರ್ಯಾಂಕ್ (ಪೆಡಲಿನ ತೋಳು) ಎಷ್ಟು ಉದ್ದ, ಗೇರ್ ಏನು, ಸೀಟ್ ಎಷ್ಟು ಒರಗಿದೆ?

ಕಾವೇರಿ_ಸವಾರ
ಗಿಡ್ಡ ವೀಲ್‌ಬೇಸ್, ಮೇಲಿನ ಹ್ಯಾಂಡಲ್, ಮುಂದೆ 20 ಇಂಚು, ಹಿಂದೆ 26. ಹೆಡ್‌ಸೆಟ್ ನೋಡಿದೆ, ತಾನಾಗೇ ಹೊರಳುತ್ತೆ, ಆಟವೂ ಇಲ್ಲ. ಗೇರೆಲ್ಲ ನನ್ನ ಹಳೇ ಬೈಕಿನದೇ.

ಹುಬ್ಳಿ_ಹಬ್
ಎತ್ತಿದಾಗ ಹೊರಳತೈತಿ, ಭಾರ ಬಿದ್ದಾಗ? ಕೆಳಗಿನ ಬೇರಿಂಗ್ ಕಪ್ ಬಿಚ್ಚಿ ಗ್ರೀಸ್ ನೋಡ್ರಿ.

ಗೇರ್‌ಪ್ರಿಯ
"ಹಳೇ ಬೈಕಿನದೇ" ಅಂದ್ರೆ ಮುಂದೆ 52-36 ಹಲ್ಲು, ಹಿಂದೆ 11-28, ಕ್ರ್ಯಾಂಕ್ 172.5 ಮಿ.ಮೀ. ಇರಬೇಕು. ಅಲ್ಲೇ ಅರ್ಧ ಉತ್ತರ ಇದೆ. ಈ ಗಾಡಿಯಲ್ಲಿ ಎದ್ದು ನಿಂತು ತುಳಿಯೋಕಾಗಲ್ಲ. 36/28ರಲ್ಲಿ ಪೆಡಲಿನ ಒಂದು ಸುತ್ತಿಗೆ ಸುಮಾರು 2.6 ಮೀಟರ್. ನಿಮಿಷಕ್ಕೆ 60 ಸುತ್ತು ತಿರುಗಿಸಿದ್ರೂ ಗಂಟೆಗೆ 9.5 ಕಿ.ಮೀ. ಬೇಕು. ಏರಿನಲ್ಲಿ ಅಷ್ಟು ಬರದೇ ಇದ್ದಾಗ ಸುತ್ತು ಬೀಳುತ್ತೆ, ಬೆನ್ನನ್ನು ಸೀಟಿಗೆ ಒತ್ತಿಕೊಂಡು ದಬ್ಬುತ್ತೀರಿ. ರೋಡ್ ಬೈಕಲ್ಲಿ ನಿಮ್ಮ ತೂಕವೇ ಒಂದು ಮಿತಿ. ಇಲ್ಲಿ ಹಿಂದೆ ಸೀಟು ಇರೋದ್ರಿಂದ ಆ ಮಿತಿ ಇಲ್ಲ, ಅಷ್ಟೂ ಒತ್ತಡ ಮಂಡಿಚಿಪ್ಪಿಗೆ. 46-30 ಮುಂದೆ, 11-36 ಹಿಂದೆ ಹಾಕಿ. 30/36ರಲ್ಲಿ 75 ಸುತ್ತಿಗೆ ಗಂಟೆಗೆ 7.7 ಕಿ.ಮೀ., ಏರಿಗೆ ಅದು ಸರಿ. ಆದರೆ ಡಿರೇಲರ್ (ಚೈನನ್ನ ಗೇರಿಂದ ಗೇರಿಗೆ ಸರಿಸೋ ಭಾಗ) ಸಾಮರ್ಥ್ಯ (46−30)+(36−11), ಅಂದ್ರೆ 41 ಹಲ್ಲು ಬೇಕು. ರೋಡ್ ಬೈಕಿನ ಗಿಡ್ಡ ಕೇಜ್ (ಡಿರೇಲರಿನ ಕೆಳತೋಳು) ಸಾಲದು, ಉದ್ದ ಕೇಜ್ ತಗೊಳ್ಳಿ.

ಮಲೆನಾಡ್_ಬೂಮ್
ಗೇರಿಗೆ ದುಡ್ಡು ಸುರಿಯೋ ಮುಂಚೆ ಬೂಮ್ (ಪೆಡಲ್ ಹೊತ್ತು ಮುಂದೆ ಚಾಚಿದ ಕೊಳವೆ) ಅಳೆಯಿರಿ. ಸೈಕ್ಲಿಂಗ್ ಶೂ ಹಾಕಿ, ಸೊಂಟ ಸೀಟಿನ ಬುಡಕ್ಕೆ ಅಂಟಿಸಿ ಕೂತು, ಪೆಡಲ್ ಅತಿ ದೂರ ಇದ್ದಾಗ ಹಿಮ್ಮಡಿ ಅದರ ಮೇಲಿಡಿ. ಕಾಲು ಆಗ ಪೂರ್ತಿ ನೇರ ಆಗಬೇಕು. ಮಂಡಿ ಮಡಿಚೇ ಇದ್ರೆ ಬೂಮ್ ಗಿಡ್ಡ, ಮಂಡಿ ಮುಂಭಾಗದ ನೋವಿಗೆ ಇದೂ ದೊಡ್ಡ ಕಾರಣ. ಸೊಂಟ ಜಾರಿದ್ರೆ ಉದ್ದ.

ಬೂಮ್ 25 ಮಿ.ಮೀ. ಹೊರಗೆಳೆದ್ರೆ ಚೈನ್ 50 ಮಿ.ಮೀ. ಹೆಚ್ಚು ಬೇಕು, ಮೇಲಿನ ಸಾಲು ಕೆಳಗಿನ ಸಾಲು ಎರಡೂ ಉದ್ದ ಆಗುತ್ತಲ್ಲ. ಒಳ-ಹೊರ ಲಿಂಕಿನ ಒಂದು ಜೋಡಿ 25.4 ಮಿ.ಮೀ., ಹಾಗಾಗಿ ಎರಡು ಜೋಡಿ ಸೇರಿಸಿ. ಸೇರಿಸದೆ ದೊಡ್ಡ ಹಲ್ಲು-ದೊಡ್ಡ ಹಲ್ಲಿಗೆ ಹಾಕಿದ್ರೆ ಡಿರೇಲರ್ ಹ್ಯಾಂಗರ್ ಮುರಿಯುತ್ತೆ. ಬೂಮ್ ಮೇಲಿನ ಕನಿಷ್ಠ ಗುರುತು ದಾಟಬೇಡಿ. ಬೋಲ್ಟ್ ಸಡಿಲಿಸಿದಾಗ ಬೂಮ್ ಕೊಳವೆಯೊಳಗೆ ತಿರುಗಿರುತ್ತೆ, ಕ್ರ್ಯಾಂಕ್ ಅಚ್ಚು ಮುಂದಿನ ಚಕ್ರದ ಅಚ್ಚಿಗೆ ಸಮಾನಾಂತರ ಇದೆಯಾ ಅಂತ ಎದುರಿಂದ ನೋಡಿ ಬಿಗಿ ಮಾಡಿ.

ಓಲಾಟ ಕೈಯಿಂದ ಬರ್ತಿದೆ. ರೋಡ್ ಬೈಕಲ್ಲಿ ಬಲಗಾಲು ತುಳಿಯುವಾಗ ಬಲಗೈ ಹ್ಯಾಂಡಲ್ ಎಳೆಯುತ್ತೆ, ಅದು ಮೈಗೆ ಹತ್ತಿದ ರೂಢಿ. ಇಲ್ಲಿ ಆ ಎಳೆತ ನೇರ ಚಕ್ರ ತಿರುಗಿಸುತ್ತೆ. ಹೆಬ್ಬೆರಳು, ತೋರುಬೆರಳಲ್ಲಿ ಮಾತ್ರ ಹಿಡಿದು, ಭುಜ ಸೀಟಿಗೆ ಬಿಟ್ಟು, ಖಾಲಿ ಮೈದಾನದಲ್ಲಿ ಓಡಿಸಿ. ಹೊರಡುವಾಗ ಅತಿ ಹಗುರ ಗೇರ್, ಪೆಡಲ್ ಮೇಲಿನ ತುದಿ ದಾಟಿ ಸ್ವಲ್ಪ ಮುಂದಿರಲಿ, ಒಂದೇ ತುಳಿತಕ್ಕೆ ಗಾಡಿ ಉರುಳಬೇಕು. ಕಣ್ಣು 15-20 ಮೀಟರ್ ಮುಂದೆ, ಚಕ್ರದ ಮೇಲಲ್ಲ.

ಹುಬ್ಳಿ_ಹಬ್
ಎಲ್ಲಾ ಖರೆ. ಆದ್ರ ಕೆಳಗಿನ ಕಪ್ ಇನ್ನೂ ಬಿಚ್ಚಿಲ್ಲ ಅವರು.

ರಾಜ_ಪೆಡಲ್
ಕಲಿಯುವವರೆಗೆ ಕ್ಲೀಟ್ (ಶೂವನ್ನ ಪೆಡಲಿಗೆ ಕಚ್ಚಿಸೋ ತುಂಡು) ತೆಗೆದು ಫ್ಲಾಟ್ ಪೆಡಲ್ ಹಾಕ್ಕೊಳ್ಳಿ. ಸಿಗ್ನಲ್‌ನಲ್ಲಿ ಕಾಲು ಬಿಡಿಸೋಕೆ ತಡ ಆದ್ರೆ ಪಕ್ಕಕ್ಕೆ ಬೀಳ್ತೀರಿ.

ಮಲೆನಾಡ್_ಬೂಮ್
ಒಪ್ಪಲ್ಲ. ಪೆಡಲ್ ಎತ್ತರದಲ್ಲಿರೋದ್ರಿಂದ ಹಂಪ್ ಮೇಲೆ ಪಾದ ಜಾರಿದ್ರೆ ನೆಲಕ್ಕೆ ಬೀಳುತ್ತೆ, ಗಾಡಿ ಅದನ್ನ ಹಿಂದಕ್ಕೆ ಎಳ್ಕೊಂಡು ಹೋಗುತ್ತೆ. ಕ್ಲೀಟ್ ಇರಲಿ, ಪೆಡಲಿನ ಸ್ಪ್ರಿಂಗ್ ಪೂರ್ತಿ ಸಡಿಲಿಸಿ.

ರಾಜ_ಪೆಡಲ್
ನಿಂತಲ್ಲೇ ಬೀಳುವವರಿಗೆ ಮೊದಲು ಕಾಲು ನೆಲಕ್ಕೆ ಸಿಗಬೇಕು ಸರ್. ಹಂಪ್ ಆಮೇಲೆ.  ನನ್ನ ಗಾಡಿಯ ಪೆಡಲ್ ಒಂದು ಬದಿ ಫ್ಲಾಟ್, ಇನ್ನೊಂದು ಬದಿ ಕ್ಲೀಟ್.

ಬಯಲುಸೀಮೆ_ಬೈಕರ್
ಇಷ್ಟೆಲ್ಲ ಒದ್ದಾಟ ಯಾಕೆ? ಇದು ಒಳ್ಳೇ ಗಾಡಿ ಆಗಿದ್ರೆ ರೇಸಲ್ಲಿ ಇರ್ತಿತ್ತು.

ಮಲೆನಾಡ್_ಬೂಮ್
ವೇಗ ಇತ್ತು ಅಂತಲೇ ರೇಸಿಂದ ಹೊರಗಿಟ್ಟರು. 1933ರಲ್ಲಿ ಫ್ರಾನ್ಸಿಸ್ ಫೋರ್ ಪ್ಯಾರಿಸ್‌ನಲ್ಲಿ ಮೋಶೆಯ ವೆಲೋಕಾರ್ ಅನ್ನೋ ರಿಕಂಬೆಂಟ್ ಮೇಲೆ ಒಂದು ಗಂಟೆಗೆ 45.055 ಕಿ.ಮೀ. ಓಡಿಸಿ, 1914ರ ಆಸ್ಕರ್ ಎಗ್ ದಾಖಲೆ ಮುರಿದರು. 1934ರಲ್ಲಿ ಯುಸಿಐ (ಸೈಕಲ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ) ಸೈಕಲ್ಲಿನ ವ್ಯಾಖ್ಯೆಯನ್ನೇ ಬಿಗಿ ಮಾಡಿ ಇವನ್ನ ಹೊರಗಿಟ್ಟಿತು. ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಅನ್ನೋ ದೂರದ ಬ್ರೆವೆಯಲ್ಲಿ ಇವತ್ತೂ ಓಡಿಸಬಹುದು.

ಕಾವೇರಿ_ಸವಾರ
ಬೂಮ್ ಗಿಡ್ಡವೇ ಇತ್ತು, 25 ಮಿ.ಮೀ. ಎಳೆದು ಎರಡು ಜೋಡಿ ಲಿಂಕ್ ಹಾಕ್ದೆ. ಮಂಡಿ ನೋವು ಬಹಳ ಕಮ್ಮಿ. ಎರಡೇ ಬೆರಳಲ್ಲಿ ಹಿಡಿದಾಗ ಓಲಾಟವೂ ಸುಮಾರಾಗಿ ನಿಂತಿದೆ. ಆದರೆ ತಿರುವಲ್ಲಿ ಹಿಮ್ಮಡಿ ಚಕ್ರಕ್ಕೆ ತಗುಲುತ್ತೆ, ಬೆರಳು ಜೋಮು ಹಾಗೇ ಇದೆ.

ಗೇರ್‌ಪ್ರಿಯ
ಹಿಮ್ಮಡಿ ತಗುಲೋದು ಗಿಡ್ಡ ವೀಲ್‌ಬೇಸಿನ ಗುಣ. ಯು-ಟರ್ನಿನಲ್ಲಿ ತುಳಿಯೋದು ನಿಲ್ಲಿಸಿ, ಒಳಬದಿಯ ಪೆಡಲ್ ಮುಂದಕ್ಕಿಟ್ಟು ಉರುಳಿಸಿ. 155 ಮಿ.ಮೀ. ಕ್ರ್ಯಾಂಕ್ ಹಾಕಿದ್ರೆ ಇದೂ ಕಮ್ಮಿ ಆಗುತ್ತೆ. ಆಗ ಬೂಮ್ ಇನ್ನೂ 17.5 ಮಿ.ಮೀ. ಹೊರಗೆ, ಚೈನ್ 35 ಮಿ.ಮೀ. ಹೆಚ್ಚು.

ಬಯಲುಸೀಮೆ_ಬೈಕರ್
ಗಿಡ್ಡ ಕ್ರ್ಯಾಂಕಲ್ಲಿ ಬಲ ಹೋಗುತ್ತೆ.

ಗೇರ್‌ಪ್ರಿಯ
ಹೋದಷ್ಟನ್ನ ಗೇರ್ ತುಂಬಿಕೊಡುತ್ತೆ. ಅದಕ್ಕೇ 30/36 ಹೇಳಿದ್ದು.

ಮಲೆನಾಡ್_ಬೂಮ್
ಜೋಮಿಗೆ: ಪಾದ ಎತ್ತರದಲ್ಲಿರುತ್ತೆ, ರಕ್ತ ಹತ್ತೋದು ಕಷ್ಟ, ಸಾಲದ್ದಕ್ಕೆ ಒಂದೇ ಜಾಗದಲ್ಲಿ ಒತ್ತಡ. ಶೂ ಪಟ್ಟಿ ಸಡಿಲಿಸಿ, ಕ್ಲೀಟನ್ನ ಹಿಮ್ಮಡಿ ಕಡೆಗೆ 10 ಮಿ.ಮೀ. ಸರಿಸಿ. ಸಾಲದಿದ್ರೆ ಸೀಟು ಸ್ವಲ್ಪ ನೆಟ್ಟಗೆ ಮಾಡಿ.

ಕಾವೇರಿ_ಸವಾರ
ಕ್ಲೀಟ್ ಅಷ್ಟು ಹಿಂದಕ್ಕೆ ಹೋಗ್ತಿಲ್ಲ. 4 ಮಿ.ಮೀ.ಗೆ ನಿಂತುಬಿಡುತ್ತೆ.

ಮಲೆನಾಡ್_ಬೂಮ್
ಶೂ ತಳದಲ್ಲಿ ಎರಡು ಬೋಲ್ಟಾ, ಮೂರಾ? ಎರಡಾದ್ರೆ ಒಳಗಿನ ತಗಡಿನಲ್ಲಿ ಹಿಂದೆ ಇನ್ನೊಂದು ಸಾಲು ತೂತು ಇರಬಹುದು, ನೋಡಿ. ಮೂರಾದ್ರೆ ಶೂನೇ ಬದಲಿಸಬೇಕಾಗುತ್ತೆ. ತಳದ ಫೋಟೋ ಹಾಕಿ.

ಹುಬ್ಳಿ_ಹಬ್
ಫೋಟೋ ಹಾಕುವಾಗ ಕೆಳಗಿನ ಕಪ್ಪಿಂದೂ ಒಂದು ಹಾಕ್ರಿ.