ಏಡ್2 ಯೀಸ್ಟ್ ಕೆಂಪಾಗುತ್ತಿಲ್ಲ, 5 ದಿನ ಆಯ್ತು

ಹುದುಗು_ಹುಚ್ಚ: ತಲೆ ಕೆಟ್ಟುಹೋಗಿದೆ. ತಳಿ ಡಬ್ಲ್ಯೂ303, ಏಡ್2 ಜೀನ್ ಕೆಟ್ಟ ಲ್ಯಾಬ್ ಯೀಸ್ಟ್, ಅದಕ್ಕೇ ಕೆಂಪಾಗಬೇಕು. ಎಲ್ಲರ ತಟ್ಟೆಯಲ್ಲೂ ಕೆಂಪು, ನನ್ನದರಲ್ಲಿ ಮೊಸರಿನಂತೆ ಬಿಳಿ. 30 ಡಿಗ್ರಿಯಲ್ಲೇ ಇಟ್ಟಿದ್ದೇನೆ. ಮೀಡಿಯಾ (ತಟ್ಟೆಯಲ್ಲಿನ ಆಹಾರ) ಮಾಮೂಲಿಯದೇ. ಎಲ್ಲಿ ತಪ್ಪಿದೆ?

ಗ್ಲಿಸರಾಲ್_ಗುರು: ಪೆಟೀಟ್, ಅಂದರೆ ಮೈಟೊಕಾಂಡ್ರಿಯ ಕೆಟ್ಟು ಸಣ್ಣ ಕಾಲೊನಿ ಕೊಡುವ ಯೀಸ್ಟ್. ಕಣ್ಣು ಮುಚ್ಚಿ ಹೇಳುತ್ತೇನೆ. ಮೈಟೊಕಾಂಡ್ರಿಯ ಕೆಟ್ಟರೆ ಕೆಂಪು ಬರಲ್ಲ, ಗ್ಲಿಸರಾಲ್ ತಿಂದು ಬೆಳೆಯುವುದಕ್ಕೂ ಆಗಲ್ಲ. ಗ್ಲಿಸರಾಲ್ ತಟ್ಟೆಗೆ ಎಳೆಯಿರಿ, ಬೆಳೆಯದಿದ್ದರೆ ಕೇಸ್ ಮುಗೀತು.

ತಟ್ಟೆ_ತಾತ: ಗಾಳಿ ಆಡದಂತೆ ತಟ್ಟೆಗೆ ಪ್ಯಾರಾಫಿಲ್ಮ್ ಪಟ್ಟಿ ಬಿಗಿದಿದ್ದೀರಾ? ಏಡ್2 ಕೆಟ್ಟಾಗ ಮುಂದೆ ಹೋಗದೆ ಕೂಡುವ ವಸ್ತು ಏಐಆರ್, ಅದಕ್ಕೆ ತನ್ನದೇ ಬಣ್ಣ ಇಲ್ಲ. ಜೀವಕೋಶದೊಳಗಿನ ಚೀಲ ವ್ಯಾಕ್ಯೂಲ್ ಸೇರಿ, ಆಕ್ಸಿಜನ್ ಸಿಕ್ಕಿ, ಒಂದಕ್ಕೊಂದು ಅಂಟಿಕೊಂಡ ಮೇಲೇ ಕೆಂಪು.

ಹುದುಗು_ಹುಚ್ಚ: ಬಿಗಿದಿಲ್ಲ. ಗ್ಲಿಸರಾಲ್‌ನಲ್ಲೂ ಚೆನ್ನಾಗಿ ಬೆಳೆಯಿತು.

ಗ್ಲಿಸರಾಲ್_ಗುರು: ಜಾಸ್ತಿ ಬಳಿದಿರುತ್ತೀರಿ. ಹಚ್ಚಿದ ರಾಶಿಯೇ ಬೆಳೆ ಥರ ಕಾಣುತ್ತದೆ. ಮತ್ತೆ ಎಳೆಯಿರಿ, ತೆಳ್ಳಗೆ.

ಪ್ಯೂರಿನ್_ಪುಟ್ಟ: ಅದೇ ದಾರಿಯ ಮುಂದಿನ ಜೀನ್ ಏಡ್1 ಕೆಟ್ಟರೂ ಕೆಂಪಾಗುತ್ತದೆ. ಅಲ್ಲಿ ಕೂಡುವುದು ಏಐಆರ್ ನಂತರದ ವಸ್ತು, ಸಿಏಐಆರ್.

ತಟ್ಟೆ_ತಾತ: ಅದು ಹಾಗೇ ನಿಲ್ಲಲ್ಲ ಸ್ವಾಮಿ. ಕಾರ್ಬನ್ ಡೈಆಕ್ಸೈಡ್ ಕಳಚಿಕೊಂಡು ವಾಪಸ್ ಏಐಆರ್ ಆಗುತ್ತದೆ. ಮತ್ತೆ ಡಬ್ಲ್ಯೂ303ದು ಏಡ್2. ಇಲ್ಲಿ ಏಡ್1 ಯಾಕೆ ಬಂತು?

ಪ್ಯೂರಿನ್_ಪುಟ್ಟ: ಸುಮ್ನೆ ಹೇಳಿದೆ. ಜಗಳಕ್ಕಲ್ಲ.

ಕುಕ್ಕರ್_ಲ್ಯಾಬ್: ಮೀಡಿಯಾ ಕ್ರಿಮಿಮುಕ್ತ ಮಾಡಲು ನನ್ನದು 5 ಲೀಟರ್ ಕುಕ್ಕರ್, 15 ಪಿಎಸ್‌ಐ, ಒಮ್ಮೆಯೂ ಬೂಸ್ಟು ಬಂದಿಲ್ಲ. ಹಳೇ ಫ್ರಿಜ್‌ಗೆ ಬಲ್ಬ್ ಹಾಕಿ ಇನ್‌ಕ್ಯುಬೇಟರ್ ಮಾಡಿದ್ದೇನೆ. ಅರ್ಧ ಡಿಗ್ರಿ ಆಚೀಚೆ ಹೋಗಲ್ಲ. ಫೋಟೊ ಹಾಕಲಾ?

ತಟ್ಟೆ_ತಾತ: ಬೇಡ.

ಪ್ಯೂರಿನ್_ಪುಟ್ಟ: ಅದಿರಲಿ, ಮಾಮೂಲಿ ಮೀಡಿಯಾ ಅಂದರೆ ಯಾವುದು? ಡಬ್ಬಿ ಮೇಲೆ ಇರುವುದನ್ನು ಹಾಗೇ ಬರೆಯಿರಿ.

ಹುದುಗು_ಹುಚ್ಚ: ವೈಪಿಎಡಿ. ವೈಪಿಡಿ ಥರದ್ದೇ ಅಲ್ವಾ?

ಪ್ಯೂರಿನ್_ಪುಟ್ಟ: ಅಯ್ಯೋ! ಆ 'ಎ' ಅಂದರೆ ಅಡೆನೀನ್, ಏಡ್2 ಕೆಟ್ಟ ಯೀಸ್ಟ್ ತಾನೇ ಮಾಡಿಕೊಳ್ಳಲಾಗದ ಪ್ಯೂರಿನ್. ಸಿದ್ಧ ಅಡೆನೀನ್ ಸಿಕ್ಕಿದರೆ ಪ್ಯೂರಿನ್ ತಯಾರಿಸುವ ದಾರಿಯ ಮೊದಲ ಹೆಜ್ಜೆಗೇ ಬ್ರೇಕ್ ಬೀಳುತ್ತದೆ. ಏಐಆರ್ ತಯಾರೇ ಆಗದಿದ್ದರೆ ಕೂಡುವುದು ಎಲ್ಲಿಂದ? ಅಡೆನೀನ್ ಬೆರೆಸದ ಬರೀ ವೈಪಿಡಿ ಹಾಕಿ. ಅಡೆನೀನ್ ಪೂರ್ತಿ ತೆಗೆದರೂ ಕಷ್ಟ, ಈ ತಳಿ ಬೆಳೆಯುವುದೇ ಇಲ್ಲ. ಯೀಸ್ಟ್ ಎಕ್ಸ್‌ಟ್ರಾಕ್ಟ್‌ನಲ್ಲಿ ಅಷ್ಟಿಷ್ಟು ಇರುತ್ತದೆ, ಅದು ಸಾಕು. ಅದು ಖಾಲಿಯಾದ ಮೇಲೆ ಬಣ್ಣ ಶುರು. ಆಮೇಲೆ ಕೆಲವು ದಿನ ಫ್ರಿಜ್‌ನಲ್ಲಿಡಿ, ಇನ್ನೂ ಗಾಢವಾಗುತ್ತದೆ.

ತಟ್ಟೆ_ತಾತ: ಮೀಡಿಯಾ ಹೆಸರು ಮೊದಲೇ ಬರೆದಿದ್ದರೆ ಇಷ್ಟು ಹರಟೆ ತಪ್ಪುತ್ತಿತ್ತು.

ಗ್ಲಿಸರಾಲ್_ಗುರು: ಆದರೂ ಪೆಟೀಟ್ ಇಲ್ಲ ಅಂತ ಸಾಬೀತಾಗಿಲ್ಲ.

ಹುದುಗು_ಹುಚ್ಚ: (ವಾರದ ನಂತರ) ವೈಪಿಡಿಯಲ್ಲಿ ಕೆಂಪಾಯಿತು! ಪುಟ್ಟ ಅವರಿಗೆ ದೊಡ್ಡ ನಮಸ್ಕಾರ. ಆದರೆ ನಾಲ್ಕೈದು ಕಾಲೊನಿ ಮಾತ್ರ ಸಣ್ಣಗೆ, ಬೆಳ್ಳಗೆ ಉಳಿದಿವೆ. ಅವೇನು?

ಗ್ಲಿಸರಾಲ್_ಗುರು: ಹೇಳಿರಲಿಲ್ವಾ? ಗ್ಲಿಸರಾಲ್‌ಗೆ ಎಳೆಯಿರಿ.