ತಲಿಯಾಗಿನ ನೀರು ಎಲ್ಲಿಗೆ ಹೋಗ್ತೈತಿ?

ರವಿವಾರ, ರಾಯಚೂರಿನ ತೀನ್ ಕಂದಿಲ್ ಹತ್ರ ಕಟಿಂಗ್ ಶಾಪಿನಾಗ ನಮ್ಮ ಪಾಳಿ ಬರೂತನಾ ಕುಂತಿದ್ವಿ, ಬಸ್ಯಾ ಬೆಂಚಿನ ಮ್ಯಾಲೇ ಗೊರಕಿ ಶುರು ಹಚ್ಚಿದ್ದ, ಖಾದರ್ ತಿವಿದು ಎಬ್ಬಿಸಿದ.

"ಮಲಗಾಕ ಬಿಡ್ರಲೇ, ಮೆದುಳು ತೊಳ್ಯಾಕತ್ತಿತ್ತು! 2013ರಾಗ ಅಮೆರಿಕಾದ ವಿಜ್ಞಾನಿ ನೆಡರ್‌ಗಾರ್ಡ್ ಮೇಡಂ ಟೀಮಿನವ್ರು ಇಲಿಯಾಗ ನೋಡ್ಯಾರ, ನಿದ್ದಿ ಹತ್ತಿದ್ರ ಜೀವಕೋಶಗಳ ನಡುವಿನ ಸಂದಿ 60 ಪರ್ಸೆಂಟ್ ಅಗಲ ಆಗ್ತೈತಂತ, ನೀರು ಹೊಕ್ಕು ಕಸ ಒಯ್ತೈತಂತ."

"ನಿನ್ನ ತಲಿಯಾಗ ಬರೇ ನೀರೈತಿ ಅನ್ನೂದು ಮೊದಲ ಗೊತ್ತಿತ್ತು ಬಿಡು."

"ಎಲ್ಲಾರಿಗೂ ಇರ್ತೈತಲೇ, ಮೆದುಳು, ಬೆನ್ನುಹುರಿ ಸುತ್ತ ಇರೋ ನೀರು, ಅಂದಾಜು 150 ಎಂಎಲ್. ದಿನಕ್ಕ ಅರ್ಧ ಲೀಟರ್ ಹೊಸಾದು ಹುಟ್ಟತೈತಿ."

ಮಾನ್ವಿ ಕಡಿ ಗದ್ದಿ ಮಾಡೋ ಶಿವು ಈಗ ಎದ್ದು ಕುಂತ. "ಅಲ್ಲಪಾ, ಅರ್ಧ ಲೀಟರ್ ಬಿಡ್ತಾರ, 150 ಉಳೀತೈತಿ, ಬಾಕಿ ಎಲ್ಲಿ ಹೋತು? ಇದು ನಮ್ಮ ಎಡದಂಡಿ ಕಾಲುವಿ ಕಥಿ ಆತು, ಡ್ಯಾಮಿನಾಗ ಬಿಟ್ಟದ್ದಕ್ಕೂ ನಮ್ಮ ಹೊಲಕ್ಕ ಬಂದದ್ದಕ್ಕೂ ಲೆಕ್ಕನ ಕೂಡಂಗಿಲ್ಲ."

ಖರೇ ಹೇಳ್ಬೇಕಂದ್ರ ಪ್ರಶ್ನಿ ಭಾರಿ ಇತ್ತು. ಒಂದಿಷ್ಟು ಸೀದಾ ರಕ್ತಕ್ಕ ಸೇರ್ತೈತಿ, ಒಂದಿಷ್ಟು ಮೂಗಿನ ಮ್ಯಾಲಿನ ಎಲುಬಿನ ಸಣ್ಣ ತೂತುಗಳ ಹಾದಿ ಹಿಡೀತೈತಿ, ಇನ್ನೊಂದಿಷ್ಟು ಮೆದುಳಿನ ಹೊದಿಕಿಯಾಗಿನ ದುಗ್ಧನಾಳ ಅನ್ನೋ, ಹೆಚ್ಚಿನ ನೀರು-ಕಸ ಒಯ್ಯೋ ಸಣ್ಣ ಕೊಳವಿಗಳಿಂದ ಕುತ್ತಿಗಿಯಾಗಿನ ದುಗ್ಧಗ್ರಂಥಿಗೆ ಇಳೀತೈತಿ, ಅಂದ್ರ ಗಂಟಲು ಕೆಟ್ಟಾಗ ಬಾಯತಾವಲ್ಲ ಆ ಗಂಟಿನ ಬಳಗ. ಈ ನಾಳ ಅದಾವ ಅಂತ ಇಟಲಿಯ ವೈದ್ಯ ಮಸ್ಕಾಗ್ನಿ 1787ರಾಗ ಬರದಿದ್ದ, ಯಾರೂ ನಂಬಲಿಲ್ಲ. ಮೆದುಳಿಗೆ ದುಗ್ಧನಾಳನ ಇಲ್ಲ ಅಂತ ಪುಸ್ತಕದಾಗ ಅಚ್ಚಾತು, ಹುಡುಗರು ಅದನ್ನ ಬಾಯಿಪಾಠ ಮಾಡಿ ಡಾಕ್ಟರೂ ಆದ್ರು. 2015ರಾಗ ವರ್ಜೀನಿಯಾದವ್ರು ಒಂದ್ಕಡಿ, ಹೆಲ್ಸಿಂಕಿಯವ್ರು ಒಂದ್ಕಡಿ ಇಲಿಯಾಗ ಹುಡುಕಿ ತೋರಿಸಿದ್ರು, 2017ರಾಗ ಎಂಆರ್‌ಐನಾಗ ಮನುಷ್ಯಾರ ತಲಿಯಾಗೂ ಕಂಡ್ವು.

"ಅಂದ್ರ ಮಸ್ಕಾಗ್ನಿಗೆ ಕಾಲುವಿ ಕೊನಿಯ ಟೇಲೆಂಡ್ ರೈತನ ಗತಿ, ಹೇಳಿದ್ರೂ ಯಾರೂ ಕೇಳಂಗಿಲ್ಲ" ಅಂದ ಶಿವು. ಅವಂಗ ಎಲ್ಲಾ ಕಾಲುವಿಗೇ ಬಂದು ನಿಂದರತೈತಿ.

ಖಾದರ್ ಫೋನ್ ತಿಕ್ಕಾಕತ್ತಿದ್ದ. "ಬಸ್ಯಾ, 2024ರಾಗ ಲಂಡನ್ನಿನವ್ರು ಉಲ್ಟಾ ಹೇಳ್ಯಾರಲೇ! ನಿದ್ದಿಯಾಗ ಕಸ ಹೋಗೂದು ಕಮ್ಮಿನ ಆಗ್ತೈತಂತ, ಇಲಿಯಾಗನ ನೋಡ್ಯಾರ. ಜಗಳ ಇನ್ನೂ ಮುಗಿದಿಲ್ಲ."

"ಆ ಇಲಿಗೆ ಸರಿ ನಿದ್ದಿ ಹತ್ತಿರಂಗಿಲ್ಲ ತಗೋ."

ಇಷ್ಟೊತ್ತು ಸುಮ್ನ ಕತ್ರಿ ಆಡಿಸ್ತಿದ್ದ ಅಂಗಡಿ ಅಣ್ಣ ಬಾಯಿ ಹಾಕಿದ. "ಕುತ್ತಿಗಿ ಅಂದ್ರಲ್ಲ, ಅದು ನನ್ನ ಡಿಪಾರ್ಟ್‌ಮೆಂಟು."

"ಹೌದಣ್ಣ, ಇಲಿಗೆ ಮಾರಿ, ಕುತ್ತಿಗಿ ಮೆಲ್ಲಕ ಸವರಿದ್ರ ಆ ನೀರು ಜಾಸ್ತಿ ಹರೀತು ಅಂತ 2025ರಾಗ ಕೊರಿಯಾದವ್ರು ತೋರಿಸ್ಯಾರ" ಅಂದೆ.

ಅಣ್ಣ ಎರಡೂ ಕೈ ಬೆರಳು ಲಟಲಟ ಮುರುದು, ಖುರ್ಚಿ ಝಾಡಿಸಿ, "ಬಾರೋ ಬಸಣ್ಣ" ಅಂದ.

"ಮೆಲ್ಲಕ ಅಂದಾರಣ್ಣ, ಮೆಲ್ಲಕ! ಬ್ಯಾಡ, ನನ್ನ ಕಸ ನನ್ನ ತಲಿಯಾಗನ ಇರ್ಲಿ, ನೀ ಕೂದಲಾ ಅಷ್ಟ ಕತ್ತರಸು."